ದೀಪಾವಳಿ ಆದ್ಮೇಲೆ ವಿಮಾನ ಯಾಕೆ ನಮ್ಮನೆ ಮೇಲೇ ಬರುತ್ತೆ?

ಪ್ರಶ್ನೆ: ಸರ್, ನಮ್ಮನೆ ರನ್‌ವೇ ಮುಗಿಯೋ ಜಾಗದಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಇರ್ಬೋದು. ಮಳೆಗಾಲದಲ್ಲಿ ಹೆಂಗೋ ತಡ್ಕೋತೀವಿ, ದೀಪಾವಳಿ ಕಳೀತು ಅಂದ್ರೆ ಬೆಳಗಿನ ಜಾವದ ಫ್ಲೈಟು ಮನೆ ಅದುರಿಸ್ಕೊಂಡೇ ಹೋಗುತ್ತೆ, ಏಳು ತಿಂಗಳ ಮಗು ಬೆಚ್ಚಿಬಿದ್ದು ಅಳುತ್ತೆ, ನಮ್ಮತ್ತೆಗೆ ಮತ್ತೆ ನಿದ್ದೆ ಹತ್ತಲ್ಲ. ದೂರು ಕೊಟ್ರೆ 'ಅಳತೆ ಮಾಡಿದೀವಿ, ಮಿತಿಯೊಳಗೇ ಇದೆ' ಅಂತ ಒಂದು ಸಾಲಿನ ಉತ್ತರ. ಮಿತಿಯೊಳಗಿದ್ರೆ ಮಗು ಯಾಕೆ ಏಳುತ್ತೆ? ರೂಟ್ ಬದಲಾಯ್ಸಿದಾರಾ? (ಹೆಸರು, ಊರು ಹಾಕ್ಬೇಡಿ ಅಂದಿದ್ದಾರೆ)

ಉತ್ತರ: ನೀವು ಹೇಳೋ ತಿಂಗಳು ನೋಡಿದ್ರೆ ಇದು ಗಾಳಿಯ ಕೆಲಸ ಅನ್ಸುತ್ತಮ್ಮ. ವಿಮಾನ ಏರೋದೂ ಗಾಳಿಗೆ ಎದುರಾಗಿ, ಇಳಿಯೋದೂ ಗಾಳಿಗೆ ಎದುರಾಗಿ. ಬೆಂಗಳೂರಿನ ಎಚ್‌ಎಎಲ್, ದೇವನಹಳ್ಳಿ ಎರಡರ ರನ್‌ವೇನೂ ಪೂರ್ವ–ಪಶ್ಚಿಮವಾಗೇ ಇದೆ, ನಿಮ್ಮೂರಿಂದೂ ಹಾಗೇ ಇರ್ಬೇಕು. ಮುಂಗಾರಲ್ಲಿ ಪಶ್ಚಿಮದ ಗಾಳಿ, ಆಗ ವಿಮಾನ ನಿಮ್ಮನೆ ಕಡೆಯಿಂದ ಬಂದು ಇಳಿಯುತ್ತೆ, ನಿಮ್ಮ ಮೇಲೆ ಬರೋವಾಗ ಬರೀ 170 ಮೀಟರ್ ಎತ್ತರದಲ್ಲಿದ್ರೂ ಎಂಜಿನ್ ಪವರ್ ಕಮ್ಮಿ ಮಾಡಿರ್ತಾರೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುತ್ತೆ, ಟೇಕಾಫ್ ನಿಮ್ಮ ಕಡೆಗೆ ಬರುತ್ತೆ. ಎತ್ತರ ಜಾಸ್ತಿ ಇದ್ರೂ ಎಂಜಿನ್ ತುಂಬಾ ಜೋರಲ್ಲಿರುತ್ತೆ, ಮಗು ಏಳೋದು ಆ ಸದ್ದಿಗೆ.

ಈಗ 'ಮಿತಿಯೊಳಗಿದೆ' ಅನ್ನೋ ಮಾತು. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಜನ ಸುಮ್ನಾಗೋದು ಇಲ್ಲೇ. ನಾವು ಸಾಮಾನ್ಯವಾಗಿ ಕೇಳಿರೋ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆದ್ರೆ 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಏರ್‌ಪೋರ್ಟ್ ಸುತ್ತಲಿನ ಶಬ್ದಕ್ಕೆ ಅಂತಾನೇ ಬೇರೆ ಮಿತಿ ತಂತು, ವರ್ಷಕ್ಕೆ 50,000ಕ್ಕಿಂತ ಹೆಚ್ಚು ವಿಮಾನ ಹತ್ತಿಳಿಯೋ ಕಡೆ ಹಗಲು 70, ರಾತ್ರಿ 65, ಚಿಕ್ಕ ಏರ್‌ಪೋರ್ಟಾದ್ರೆ 65 ಮತ್ತು 60. ಇದರಲ್ಲಿ ರಾತ್ರಿ ಅಂದ್ರೆ ಹತ್ತರಿಂದ ಬೆಳಗ್ಗೆ ಆರು. ಮತ್ತೆ ಇವೆಲ್ಲ ಸರಾಸರಿ ಲೆಕ್ಕ. ಒಂದು ವಿಮಾನ ನಿಮ್ಮನೆ ಹತ್ರ 30 ಸೆಕೆಂಡ್ 80 ಡೆಸಿಬಲ್ ಸದ್ದು ಮಾಡ್ತು ಅಂತಿಟ್ಕೊಳ್ಳಿ, ಗಂಟೆಗೊಂದು ಅಂಥದ್ದು ಹೋದ್ರೂ ಆ ವಿಮಾನಗಳ ಪಾಲಿನ ಸರಾಸರಿ ಸುಮಾರು 59 ಬರುತ್ತೆ, ಇಡೀ ರಾತ್ರಿಗೆ ಒಂದೇ ಹೋದ್ರೆ ಸುಮಾರು 50. ಅಂದ್ರೆ ರಾತ್ರಿಯಿಡೀ ಗಂಟೆಗೊಂದು ಸಲ ಮಗು ಎದ್ದು ಅತ್ರೂ ಕಾಗದದಲ್ಲಿ ಎಲ್ಲಾ ಸರಿ. ಅಧಿಕಾರಿಗಳು ಸುಳ್ಳು ಹೇಳ್ತಿದಾರೆ ಅಂತ ನಾನು ಹೇಳಲ್ಲ, ಆದ್ರೆ ನಿದ್ದೆ ಕೆಡಿಸೋದು ಸರಾಸರಿ ಅಲ್ಲ, ಆ ಮೂವತ್ತು ಸೆಕೆಂಡು, ಅದನ್ನ ಈ ಲೆಕ್ಕ ನುಂಗಿಹಾಕುತ್ತೆ, ಇದು ನಂಗೆ ಅನ್ಯಾಯ ಅಂತಾನೇ ಕಾಣುತ್ತೆ.

ಹಾಗಾಗಿ 'ಶಬ್ದ ಜಾಸ್ತಿ' ಅಂತ ಇನ್ನೊಂದು ಅರ್ಜಿ ಬರೀಬೇಡಿ. ಒಂದು ನೋಟ್‌ಬುಕ್ ಇಟ್ಕೊಳ್ಳಿ, ತಾರೀಕು, ಗಂಟೆ–ನಿಮಿಷ, ಏರಿದ್ದಾ ಇಳಿದಿದ್ದಾ, ಮಗು ಎದ್ದಿತಾ, ಇಷ್ಟು ಸಾಕು, ಒಂದು ತಿಂಗಳು ಬರೀರಿ. ಮೊಬೈಲ್ ಆ್ಯಪ್‌ನ ಡೆಸಿಬಲ್ ಬರೆದ್ರೂ ಅದರ ಮೇಲೆ ವಾದ ಕಟ್ಬೇಡಿ, ಪ್ರಮಾಣಿತ ಮೀಟರ್ ಅಲ್ಲ ಅಂತ ಒಂದೇ ಮಾತಲ್ಲಿ ತಳ್ಳಿಹಾಕ್ತಾರೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ, ಅಳತೆ ಮಾಡಿದ್ದು ಎಲ್ಲಿ, ಯಾವ ದಿನ, ಎಷ್ಟು ಗಂಟೆ, ಒಂದೊಂದು ವಿಮಾನದ ಗರಿಷ್ಠ ಎಷ್ಟು ಬಂತು ಅಂತ ಕೇಳಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ನೀವಂದಂಗೆ ನಿಮ್ಮ ಕಷ್ಟ ಚಳಿಗಾಲದ್ದು, ಅಳತೆ ಆಗಸ್ಟಲ್ಲಿ ಆಗಿದ್ರೆ ಏನು ಪ್ರಯೋಜನ ಹೇಳಿ.

ಕೇಳೋದನ್ನ ಚಿಕ್ಕದಾಗಿ, ಆಗುವಂಥದ್ದನ್ನೇ ಕೇಳಿ. ಗಾಳಿ ಕಮ್ಮಿ ಇದ್ದಾಗ, ಹಿಂಬದಿ ಗಾಳಿ 5 ನಾಟ್ (ಗಂಟೆಗೆ ಸುಮಾರು 9 ಕಿಲೋಮೀಟರ್) ದಾಟದಿದ್ರೆ, ಮನೆಗಳು ಕಮ್ಮಿ ಇರೋ ದಿಕ್ಕಿಗೆ ವಿಮಾನ ಬಿಡೋದನ್ನ ಅಂತರರಾಷ್ಟ್ರೀಯ ನಿಯಮಗಳೇ ಒಪ್ತವೆ, ಬೆಳಗಿನ ಜಾವ ಗಾಳಿ ಹೆಚ್ಚಾಗಿ ಸುಮ್ನಿರುತ್ತೆ, ನಿಮಗೆ ಬೇಕಾಗಿರೋದೂ ಅದೇ ಹೊತ್ತು. ರನ್‌ವೇ ದಾಟಿದ ತಕ್ಷಣ ಬೇಗ ಎತ್ತರಕ್ಕೇರೋ ಟೇಕಾಫ್ ವಿಧಾನ ಇದೆ, ಅದನ್ನ ಪಾಲಿಸ್ತಿದಾರಾ ಅಂತ ಕೇಳಿ. ರಾತ್ರಿ ಎಂಜಿನ್ ರಿಪೇರಿ ಮಾಡಿ ನಿಂತಲ್ಲೇ ಜೋರಾಗಿ ಓಡಿಸಿ ಟೆಸ್ಟ್ ಮಾಡೋದನ್ನ ಹಗಲಿಗೆ ಹಾಕಿ ಅನ್ನಿ, ಇದನ್ನ ಯಾರೂ ಕೇಳೋದೇ ಇಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸೋ ಏರ್‌ಪೋರ್ಟಾದ್ರೆ ಸಂಸದರ ಅಧ್ಯಕ್ಷತೆಯಲ್ಲಿ ಸಲಹಾ ಸಮಿತಿ ಇರುತ್ತೆ, ನೋಟ್‌ಬುಕ್ ಜೆರಾಕ್ಸ್ ಮಾಡ್ಸಿ ಅದರ ಮುಂದಿಡಿ.

ಪ್ರಶ್ನೆ: ನಮ್ಮ ಬಡಾವಣೆಯವರು ಏರ್‌ಪೋರ್ಟನ್ನೇ ಬೇರೆ ಕಡೆ ಕಳಿಸಿ ಅಂತ ಸಹಿ ಸಂಗ್ರಹ ಮಾಡ್ತಿದಾರೆ. ನಾನೂ ಹಾಕ್ಲಾ?

ಉತ್ತರ: ನಾನಾಗಿದ್ರೆ ಹಾಕ್ತಿರ್ಲಿಲ್ಲ. 1940ರ ದಶಕದಲ್ಲಿ ಎಚ್‌ಎಎಲ್ ರನ್‌ವೇ ಆದಾಗ ಅದು ಊರಾಚೆ, ಆಮೇಲೆ ಮುರುಗೇಶಪಾಳ್ಯ, ಮಾರತಹಳ್ಳಿ ಎಲ್ಲಾ ಬೆಳ್ಕೊಂಡು ಬಂದವು. 2008ರ ಮೇನಲ್ಲಿ ಪ್ರಯಾಣಿಕರ ವಿಮಾನ ದೇವನಹಳ್ಳಿಗೆ ಹೋಯ್ತು, 2019ರ ಡಿಸೆಂಬರಲ್ಲಿ ಅಲ್ಲಿ ಎರಡನೇ ರನ್‌ವೇನೂ ಬಂತು, ಈಗ ಅದರ ಸುತ್ತಲೂ ಲೇಔಟ್, ಅಪಾರ್ಟ್‌ಮೆಂಟ್. ಸದ್ದು ಊರು ಬಿಟ್ಟು ಹೋದ್ರೆ ಊರೂ ಅದರ ಹಿಂದೇನೇ ಹೋಗುತ್ತೆ. ಸಹಿ ಹಾಕೋದಾದ್ರೆ ರಾತ್ರಿ ಹೊತ್ತಿಗೆ ಕಟ್ಟುಪಾಡು ಬೇಕು ಅನ್ನೋದಕ್ಕೆ ಹಾಕಿ. ಸಿಡ್ನಿಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಕೆಲವೇ ವಿಮಾನಕ್ಕೆ ಬಿಟ್ರೆ ಅವಕಾಶ ಇಲ್ಲ, ಅದಕ್ಕೆ 1995ರ ಕಾನೂನೇ ಇದೆ.

ಪ್ರಶ್ನೆ: ಏರ್‌ಪೋರ್ಟ್ ಹತ್ರ ಸೈಟ್ ನೋಡಿದೀವಿ. 'ಎನ್‌ಒಸಿ ಸಿಗುತ್ತೆ, ಏನೂ ತೊಂದ್ರೆ ಇಲ್ಲ' ಅಂತಾರೆ ಮಾರೋರು. ನಂಬಬೋದಾ?

ಉತ್ತರ: ಆ ಎನ್‌ಒಸಿ ನಿಮ್ಮ ಕಟ್ಟಡದ ಎತ್ತರಕ್ಕೆ, ಸದ್ದಿಗೂ ಅದಕ್ಕೂ ಸಂಬಂಧ ಇಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಆಗಸ್ಟಲ್ಲೊಂದು ದಿನ, ಜನವರಿಯಲ್ಲೊಂದು ದಿನ ಬೆಳಗ್ಗೆ ಐದಕ್ಕೆ ಆ ಸೈಟಲ್ಲಿ ಒಂದು ಗಂಟೆ ನಿಂತು ಬನ್ನಿ, ಅಷ್ಟು ಕಾಯೋಕಾಗಲ್ಲ ಅಂದ್ರೆ ಅಕ್ಕಪಕ್ಕದ ಮನೆಯವರನ್ನಾದ್ರೂ ಕೇಳಿ. ಕಟ್ಟೋದೇ ಆದ್ರೆ ಮಲಗೋ ಕೋಣೆ ರನ್‌ವೇಗೆ ಬೆನ್ನು ಹಾಕಿರ್ಲಿ, ಆ ಕೋಣೆಗೆ ತೆರೆದ ವೆಂಟಿಲೇಟರ್, ಮೇಲೆ ಶೀಟು ಬೇಡ, ಕಿಟಕಿಗೆ ಎರಡು ಪದರದ ಗಾಜು ಹಾಕ್ಸಿ, ಚೌಕಟ್ಟಿನ ಸಂದಿಗೆ ರಬ್ಬರ್ ಕೂರ್ಸಿ. ಗಾಜಿಗೆ ಎಷ್ಟೇ ದುಡ್ಡು ಹಾಕಿದ್ರೂ ಬೆರಳು ತೂರೋವಷ್ಟು ಸಂದಿ ಬಿಟ್ರೆ ಸದ್ದು ಅಲ್ಲಿಂದಾನೇ ಒಳಗೆ ಬರುತ್ತೆ.