ಅಪಾಯಿಂಟ್‌ಮೆಂಟ್ ನೆನಪಿಸಲು ಶಾರ್ಟ್ ಕೋಡ್ ಬೇಕೇ?

ಪ್ರಶ್ನೆ: ಜಯನಗರದಲ್ಲಿ ನಮ್ಮದೊಂದು ಹಲ್ಲಿನ ಕ್ಲಿನಿಕ್ ಇದೆ. ಅಪಾಯಿಂಟ್‌ಮೆಂಟ್‌ನ ಹಿಂದಿನ ದಿನ ತಾನಾಗಿಯೇ ಎಸ್‌ಎಂಎಸ್ ಹೋಗಬೇಕು. ನಾವು ತೆಗೆದುಕೊಂಡಿರುವ ಅಮೆರಿಕದ ಸಾಫ್ಟ್‌ವೇರ್ ಶಾರ್ಟ್ ಕೋಡ್ ಕೇಳುತ್ತಿದೆ. ಎಲ್ಲಿ ಸಿಗುತ್ತದೆ? ಮೆಸೇಜ್ ಕನ್ನಡದಲ್ಲೇ ಇರಬೇಕೆಂಬ ಆಸೆ.

ಉತ್ತರ: ನಿಮಗೆ ಶಾರ್ಟ್ ಕೋಡ್ ಬೇಕಾಗಿಲ್ಲ. ಅದು 5 ಅಥವಾ 6 ಅಂಕಿಯ ನಂಬರ್. ಅಮೆರಿಕದಲ್ಲಿ ವ್ಯಾಪಾರಸ್ಥರು ಅದನ್ನು ಬಾಡಿಗೆಗೆ ಪಡೆಯುತ್ತಾರೆ. ನಮ್ಮಲ್ಲಿ ದಾರಿಯೇ ಬೇರೆ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ಮೊದಲು ಡಿಎಲ್‌ಟಿ ಪೋರ್ಟಲ್‌ನಲ್ಲಿ (ಎಸ್‌ಎಂಎಸ್ ಕಳಿಸುವ ಸಂಸ್ಥೆಗಳನ್ನು ದಾಖಲಿಸಿಕೊಳ್ಳುವ, ಮೊಬೈಲ್ ಕಂಪನಿಗಳ ತಾಣ) ಕ್ಲಿನಿಕ್ ಅನ್ನು ನೋಂದಾಯಿಸಬೇಕು. ಏರ್‌ಟೆಲ್, ಜಿಯೋ, ವಿ, ಬಿಎಸ್‌ಎನ್‌ಎಲ್, ಯಾವುದಾದರೂ ಒಂದರ ಪೋರ್ಟಲ್ ಸಾಕು. ಆಮೇಲೆ ನಿಮ್ಮ ಹೆಸರಿಗೆ ಹೊಂದುವ 6 ಅಕ್ಷರದ ಹೆಡರ್ ಪಡೆಯಬೇಕು. ಮೆಸೇಜ್ ಬಂದಾಗ ಕಳಿಸಿದವರ ಹೆಸರಾಗಿ ಕಾಣುವುದು ಅದೇ.

ಜನ ಜಾಸ್ತಿ ಎಡವುವುದು ಟೆಂಪ್ಲೇಟ್‌ನಲ್ಲಿ, ಅಂದರೆ ಮೆಸೇಜಿನ ಸಿದ್ಧ ಮಾದರಿಯಲ್ಲಿ. ಕಳಿಸುವ ಸಾಲುಗಳಿಗೆ ಅದೇ ಪೋರ್ಟಲ್‌ನಲ್ಲಿ ಮೊದಲೇ ಒಪ್ಪಿಗೆ ಬೇಕು. ಹೆಸರು, ದಿನ, ಸಮಯದ ಜಾಗವನ್ನು ಮಾತ್ರ ಖಾಲಿ ಬಿಡಬಹುದು. ಉಳಿದದ್ದರಲ್ಲಿ ಒಂದು ಪದ ಬದಲಾದರೂ ಮೆಸೇಜ್ ದಾರಿಯಲ್ಲೇ ನಿಲ್ಲುತ್ತದೆ. ಲಿಂಕ್ ಹಾಕುವುದಾದರೆ ಅದನ್ನೂ ಮೊದಲೇ ನೋಂದಾಯಿಸಿ. 2024ರ ಅಕ್ಟೋಬರ್‌ನಿಂದ ಅದು ಕಡ್ಡಾಯ. ಇನ್ನೊಂದು ಮಾತು. ನೆನಪಿಸುವ ಮೆಸೇಜ್ ಸೇವೆಯ ಲೆಕ್ಕಕ್ಕೆ ಬರುತ್ತದೆ, ಹೆಡರ್ ಕೊನೆಯಲ್ಲಿ ‘ಎಸ್’ ಕಾಣುತ್ತದೆ. ಅದರ ಬಾಲಕ್ಕೆ ‘ಹಲ್ಲು ಕ್ಲೀನಿಂಗ್‌ಗೆ ರಿಯಾಯಿತಿ’ ಎಂದು ಸೇರಿಸಿದಿರೋ, ಅದು ಜಾಹೀರಾತಾಗುತ್ತದೆ. ಆಗ ಜಾಹೀರಾತು ಬೇಡವೆಂದು ಡಿಎನ್‌ಡಿ ಹಾಕಿಸಿಕೊಂಡವರಿಗೆ ಅದು ತಲುಪುವುದಿಲ್ಲ. ಸುಮ್ನೆ ಆಸೆ ಬೀಳಬೇಡಿ.

ಕನ್ನಡದಲ್ಲಿ ಖಂಡಿತ ಕಳಿಸಬಹುದು, ಕಳಿಸಿ. ಆದರೆ ಉದ್ದ ನೋಡಿಕೊಳ್ಳಿ. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70. ಒತ್ತು, ಗುಣಿತದ ಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಕ್ಲಿನಿಕ್’ ಕಣ್ಣಿಗೆ ಮೂರೇ ಅಕ್ಷರ, ಲೆಕ್ಕಕ್ಕೆ 8! ಎಪ್ಪತ್ತು ದಾಟಿದರೆ ಎರಡು ಮೆಸೇಜಿನ ದುಡ್ಡು. ಹಾಗಾಗಿ ‘ಮಾನ್ಯರೇ, ತಮ್ಮ ಗಮನಕ್ಕೆ’ ಎಲ್ಲ ಬಿಟ್ಟು ನೇರ ವಿಷಯಕ್ಕೆ ಬನ್ನಿ. ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಮೆಸೇಜಿಗೆ 70ರ ಲೆಕ್ಕವೇ.

ದುಡ್ಡು ಕಟ್ಟುವ ಮುಂಚೆ ನಿಮ್ಮ ಸಾಫ್ಟ್‌ವೇರ್‌ನವರನ್ನು ಒಂದು ಮಾತು ಕೇಳಿ: ಡಿಎಲ್‌ಟಿಯ ಎಂಟಿಟಿ ಐಡಿ (ಕ್ಲಿನಿಕ್‌ನ ನೋಂದಣಿ ಸಂಖ್ಯೆ), ಟೆಂಪ್ಲೇಟ್ ಐಡಿ (ಒಪ್ಪಿಗೆಯಾದ ಮಾದರಿಯ ಸಂಖ್ಯೆ) ತುಂಬಲು ಜಾಗ ಇದೆಯೇ? ಇಲ್ಲವೆಂದರೆ ಇಲ್ಲಿನ ಎಸ್‌ಎಂಎಸ್ ಕಂಪನಿಯೊಂದನ್ನು ಹಿಡಿಯುವುದೇ ಮೇಲು.