ಹೆರುವವಳು ಯಾರು?

ಪ್ರಶ್ನೆ: ಡಾಕ್ಟ್ರೇ, ಅಳಿದುಹೋದ ಪ್ರಾಣಿಗಳನ್ನು ಮತ್ತೆ ಹುಟ್ಟಿಸುತ್ತಾರಂತೆ. ಹಾಗಿದ್ದರೆ ನಮ್ಮ ಕಾಸರಗೋಡು ಗಿಡ್ಡ ದನದ ಬಗ್ಗೆ ಇಷ್ಟು ತಲೆಬಿಸಿ ಯಾಕೆ? ಮುಂದೆ ಬೇಕಾದಾಗ ಹುಟ್ಟಿಸಬಹುದಲ್ವಾ? ನಮ್ಮ ಹಟ್ಟಿಯಲ್ಲಿ ಒಂದು ಗಂಡು ಕರು ಉಳಿದಿದೆ. ಕೊಟ್ಟುಬಿಡುವ ಅಂತಿದ್ದೇನೆ.
– ಕೃಷಿಕ, ಪೆರ್ಲ

ಉತ್ತರ: ಹುಟ್ಟಿಸಿ ನೋಡಿದ್ದೂ ಆಗಿದೆ. ಸ್ಪೇನಿನ ಪಿರನೀಸ್ ಬೆಟ್ಟದಲ್ಲಿ ಬುಕಾರ್ಡೊ ಎಂಬ ಕಾಡುಮೇಕೆ ಇತ್ತು. ಕೊನೆಗೆ ಉಳಿದದ್ದು ಒಂದು ಹೆಣ್ಣು. 2000ದ ಜನವರಿಯಲ್ಲಿ ಅದರ ಮೇಲೆ ಮರ ಬಿದ್ದು ಸತ್ತಿತು. ಮೊದಲೇ ತೆಗೆದಿಟ್ಟಿದ್ದ ಕಿವಿಯ ಚರ್ಮದಿಂದ ಭ್ರೂಣ ಮಾಡಿ ಹತ್ತಾರು ಮೇಕೆಗಳ ಗರ್ಭದಲ್ಲಿಟ್ಟರು. ತಿಂಗಳು ತುಂಬಿದ್ದು ಒಂದೇ ಒಂದಕ್ಕೆ. 2003ರಲ್ಲಿ ಹೊಟ್ಟೆ ಕೊಯ್ದು ಮರಿ ತೆಗೆದರು. ಶ್ವಾಸಕೋಶ ಸರಿಯಿರಲಿಲ್ಲ, ಕೆಲವೇ ನಿಮಿಷ ಬದುಕಿತು. ಉಳಿದಿದ್ದರೂ ಅದು ಹೆಣ್ಣೇ. ಜೋಡಿಗೆ ಗಂಡು ಎಲ್ಲಿಂದ ತರುವುದು?

ಪೇಪರಿನಲ್ಲಿ ಆ ಮರಿಯ ಸುದ್ದಿಯೇ ಬರುತ್ತದೆ. ನನಗೆ ಗರ್ಭ ಕೊಟ್ಟ ಆ ಮೇಕೆಗಳದ್ದೇ ಯೋಚನೆ. ಸರ್ವಿಸಿನಲ್ಲಿದ್ದಾಗ ನಾನೂ ಒಂದು ತಪ್ಪು ಮಾಡಿದವನು. ಹಾಲು ಜಾಸ್ತಿಯಾಗಲಿ ಎಂದು ಗಿಡ್ಡ ದನಗಳಿಗೆ ಜೆರ್ಸಿ ಹೋರಿಯ ವೀರ್ಯದ ಇಂಜೆಕ್ಷನ್ ಕೊಟ್ಟೆ. ಸೊಂಟದೆತ್ತರದ ದನ, ಹೊಟ್ಟೆಯಲ್ಲಿ ದೊಡ್ಡ ಜಾತಿಯ ಕರು. ಒಂದು ಮಳೆಗಾಲದ ರಾತ್ರಿ ಹಟ್ಟಿಯ ಕೆಸರಿನಲ್ಲಿ ಕೂತು, ಕರುವಿನ ಕಾಲಿಗೆ ಹಗ್ಗ ಕಟ್ಟಿ ಎಳೆದೆವು. ಕರು ಬದುಕಿತು. ದನ ಮತ್ತೆ ಏಳಲಿಲ್ಲ. ಆ ಮನೆಯ ಅಮ್ಮ ನನಗೆ ಕಾಫಿ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಈಗ ಅಮೆರಿಕದ ಕೊಲೋಸಲ್ ಎಂಬ ಕಂಪನಿ ಮ್ಯಾಮತ್, ಅಂದರೆ ಅಳಿದುಹೋದ ಉಣ್ಣೆಯ ಆನೆ, ತರುತ್ತೇವೆ ಎನ್ನುತ್ತಿದೆ. ತರುವುದೇನು, ಏಷ್ಯಾದ ಆನೆಯ ಜೀನ್ ತಿದ್ದಿ ಮಾಡುವುದು. ಅದನ್ನು ಹೊರುವುದಕ್ಕೂ ಆನೆಯೇ ಆಗಬೇಕು, ಸುಮಾರು 22 ತಿಂಗಳು. ಇರುವ ಆನೆಗೇ ಜಾಗವಿಲ್ಲ. ಕಾರಡ್ಕ, ದೇಲಂಪಾಡಿ ಕಡೆ ತೋಟಕ್ಕೆ ಬಂದರೆ ಪಟಾಕಿ ಹೊಡೆದು ಓಡಿಸುತ್ತೇವೆ. (ಬಾಳೆ, ಅಡಿಕೆ ಕಳಕೊಂಡವರ ಸಂಕಟವೂ ಸಣ್ಣದಲ್ಲ ಬಿಡಿ.)

ಇನ್ನು ನಿಮ್ಮ ಗಿಡ್ಡ. ಯಾವ ಗುಡ್ಡೆಯಲ್ಲಿ ಯಾವ ಸೊಪ್ಪು, ಸಂಜೆ ಹಟ್ಟಿಗೆ ಯಾವ ದಾರಿ ಎನ್ನುವುದನ್ನು ಕರು ತಾಯಿಯ ಹಿಂದೆ ನಡೆದೇ ಕಲಿಯುವುದು. ಫ್ರಿಜ್ಜಿನಲ್ಲಿಟ್ಟ ಚರ್ಮದ ಚೂರಿಗೆ ಅದನ್ನು ಯಾರು ಕಲಿಸುತ್ತಾರೆ? ಗುಡ್ಡೆಯಲ್ಲೂ ಈಗ ರಬ್ಬರ್.

ಕರುವನ್ನು ಕೊಡಬೇಡಿ. ಬದಿಯಡ್ಕದ ಹತ್ತಿರ ಬೇಳದಲ್ಲಿ ಗಿಡ್ಡ ತಳಿಯ ಸರಕಾರಿ ಫಾರ್ಮ್ ಇದೆ, ಒಮ್ಮೆ ಹೋಗಿ ವಿಚಾರಿಸಿ. ನೆರೆಕರೆಯಲ್ಲಿ ಯಾರ ಹಟ್ಟಿಯಲ್ಲಿ ಊರ ದನ ಇದೆ, ಬೆದೆಗೆ ಬಂದಾಗ ಅವರು ಹೋರಿ ಹುಡುಕಿಕೊಂಡು ಎಲ್ಲಿಗೆ ಹೋಗುತ್ತಾರೆ ಎಂದೂ ಕೇಳಿ ನೋಡಿ. ಕರುವಿಗೆ ಎಷ್ಟು ತಿಂಗಳು, ತಾಯಿ ಇದೆಯಾ, ಬರೆಯಿರಿ. ಅಲ್ಲಿವರೆಗೆ ಬೀಜ ಒಡೆಸಬೇಡಿ.