ಕಾವಿಗಿಡುವ ತತ್ತಿಯನ್ನು ವಿಮಾನದಲ್ಲಿ ಊರಿಗೆ ತರಬಹುದೇ?

ತರಬಹುದು. ನಾನು ಮಧ್ಯಪ್ರದೇಶದ ಝಾಬುವಾದಿಂದ ಕಡಕನಾಥ್ ಎಂಬ ಕಪ್ಪು ಕೋಳಿಯ ಹನ್ನೆರಡು ತತ್ತಿ ತಂದಿದ್ದೇನೆ. ಇಂದೋರಿನಿಂದ ಗೋವಾಕ್ಕೆ ವಿಮಾನ, ಅಲ್ಲಿಂದ ಅಂಕೋಲೆಗೆ ಕಾರು. ಎಕ್ಸ್‌ರೇ ಯಂತ್ರದಲ್ಲಿ ಹೋದರೆ ಒಳಗಿನ ಜೀವ ಸಾಯುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಬ್ಯಾಗು ನೋಡುವ ಯಂತ್ರದ ವಿಕಿರಣ ತೀರಾ ಕಡಿಮೆ. ಹೆದರಬೇಕಾದ್ದು ಬಿಸಿಲಿಗೆ ಮತ್ತು ಕುಲುಕಾಟಕ್ಕೆ. ನನ್ನ ಕೆಲವು ತತ್ತಿ ಹಾಳಾದದ್ದು ಗೋವಾದ ಕಾಣಕೋಣದಲ್ಲಿ, ಮೀನೂಟದ ಹೋಟೆಲಿನ ಎದುರು.

ಅದನ್ನೇ ಮೊದಲು ಹೇಳಿಬಿಡುತ್ತೇನೆ. ಮೇ ತಿಂಗಳು. ವಿಮಾನದಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಬಂದವನು, ಕಾರು ಹತ್ತಿದ ಮೇಲೆ ಡಬ್ಬಿಯನ್ನು ಡಿಕ್ಕಿಗೆ ಹಾಕಿದೆ. ಊಟಕ್ಕೆ ಇಳಿದು ಒಂದು ತಾಸು ಬಿಟ್ಟು ಬಂದಾಗ ಡಿಕ್ಕಿಯ ತಗಡು ಕೈ ಇಡಲಾಗದಷ್ಟು ಕಾದಿತ್ತು. ಕಾವಿಗಿಡುವ ತನಕ ತತ್ತಿ 12ರಿಂದ 18 ಡಿಗ್ರಿಯಲ್ಲಿ ನಿದ್ದೆ ಮಾಡುತ್ತಿರಬೇಕು. ಅರ್ಧಂಬರ್ಧ ಬಿಸಿ ಸಿಕ್ಕರೆ ಒಳಗೆ ಜೀವ ಮೊಳೆಯಲು ಶುರುಮಾಡಿ, ಮತ್ತೆ ತಂಪಾದಾಗ ನಿಂತುಹೋಗುತ್ತದೆ. ಹಾಗಂತ ಫ್ರಿಜ್ಜಿನಲ್ಲೂ ಇಡಬೇಡಿ, ಅದು ತೀರಾ ತಂಪು.

ಪ್ಯಾಕಿಂಗ್ ಏನು ದೊಡ್ಡ ವಿದ್ಯೆಯಲ್ಲ. ರಟ್ಟಿನ ಟ್ರೇ ಕತ್ತರಿಸಿ, ಚೂಪು ತುದಿ ಕೆಳಗೆ ಬರುವಂತೆ ಕೂರಿಸಿ, ಮಧ್ಯೆ ಹಳೇ ಲುಂಗಿಯ ಚೂರು ತುರುಕಿದೆ. ಗಾಳಿಚೀಲ ಇರುವ ದಪ್ಪ ತುದಿ ಮೇಲಿರಬೇಕು. ತೊಳೆಯಲೇಬೇಡಿ, ಸಿಪ್ಪೆಯ ಮೇಲಿನ ರಕ್ಷಣೆಯ ಪದರ ಹೋಗುತ್ತದೆ. ಲಗೇಜಿಗೆ ಹಾಕದೆ ಕೈಚೀಲದಲ್ಲೇ ಒಯ್ಯಿರಿ. ಇಂದೋರಿನಲ್ಲಿ ಭದ್ರತೆಯವನು ಡಬ್ಬಿ ತೆಗೆಸಿ, "ಉಬ್ಲಾ ಹುವಾ ಹೈ ಕ್ಯಾ?" ಅಂದ, ಬೇಯಿಸಿದ್ದಾ ಅಂತ. ಹಸಿ, ಮರಿ ಮಾಡಿಸಲಿಕ್ಕೆ ಅಂದೆ. ನಕ್ಕು ಬಿಟ್ಟ. ಎಲ್ಲರೂ ನಗುತ್ತಾರೆ ಅಂತ ಭರವಸೆ ಕೊಡಲಾರೆ, ವಿಮಾನ ಕಂಪನಿಗೆ ಒಂದು ಫೋನು ಮಾಡಿಯೇ ಹೊರಡಿ. ಹಕ್ಕಿಜ್ವರದ ಸುದ್ದಿ ಇದ್ದರಂತೂ ತರುವ ಯೋಚನೆಯನ್ನೇ ಬಿಡಿ. 2021ರ ಆರಂಭದಲ್ಲಿ ಅದೇ ಇಂದೋರಿನಲ್ಲಿ ಕಾಗೆಗಳು ಆ ರೋಗದಿಂದ ಸತ್ತಿದ್ದವು.

ಮನೆಗೆ ಬಂದ ಕೂಡಲೇ ಹೇಂಟೆಯ ಅಡಿಗೆ ಇಡಬೇಡಿ. ಕುಲುಕಿದ ಗಾಳಿಚೀಲ ನೆಲೆಗೊಳ್ಳಲು ಒಂದು ರಾತ್ರಿ ಹಾಗೇ ನಿಲ್ಲಿಸಿ. ನಾನು ನೋಡುವಾಗ ಒಂದು ಬಿರುಕು ಬಿಟ್ಟಿತ್ತು, ಹನ್ನೊಂದನ್ನು ಇಟ್ಟೆ. ಏಳನೇ ರಾತ್ರಿ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಮೂರು ಬರೀ ಬೆಳ್ಳಗೆ, ಅಂದರೆ ಒಳಗೆ ಏನೂ ಬೆಳೆದಿಲ್ಲ. ಎರಡರಲ್ಲಿ ಕೆಂಪು ಉಂಗುರ, ಅಂದರೆ ಶುರುವಾಗಿ ಸತ್ತದ್ದು. ಅವು ಡಿಕ್ಕಿಯ ಲೆಕ್ಕಕ್ಕೆ ಅಂತಲೇ ನನ್ನ ನಂಬಿಕೆ. ಉಳಿದ ಆರರಲ್ಲಿ ಜೇಡನ ಕಾಲಿನಂಥ ನರಗಳು ಕಂಡವು. 21ನೇ ದಿನಕ್ಕೆ ಐದು ಒಡೆದವು. ಕೆನೆಬಣ್ಣದ ತತ್ತಿಯಿಂದ ಕಪ್ಪು ಮರಿ ಬಂದದ್ದು ನೋಡಿ ಪಕ್ಕದ ಮನೆಯ ಅಜ್ಜಿ, "ತಮಾ, ಕಾಗೆ ತತ್ತಿ ತಂದ್ಯನೋ?" ಅಂತ ಕೇಳಿದರು.

ಇನ್ನೊಂದು ಮಾತು. ಕೋಳಿ ತತ್ತಿ ಹಾಕಿ ಏಳು ದಿನ ದಾಟಿದರೆ ಮರಿಯಾಗುವುದು ಕಡಿಮೆಯಾಗುತ್ತ ಹೋಗುತ್ತದೆ. ಮಾರುವವರ ಹತ್ತಿರ ಪ್ರತಿ ತತ್ತಿಯ ಮೇಲೂ ಪೆನ್ಸಿಲಿನಲ್ಲಿ ತಾರೀಕು ಬರೆಸಿಕೊಳ್ಳಿ. ಮನೆಯ ಹೇಂಟೆ ಕಾವಿಗೆ ಕೂತದ್ದು ಖಾತ್ರಿಯಾದ ಮೇಲೆಯೇ ಟಿಕೆಟ್ ಮಾಡಿಸಿ.